ಶಾಲೆ ಬಿಟ್ಟ ಮಾತ್ರಕ್ಕೆ ಪರೀಕ್ಷೆ ತಪ್ಪುವುದಿಲ್ಲ

ಮುದ್ದೇಬಿಹಾಳ ಭಾಗದ ಹಳ್ಳಿ, ತಾಂಡಾಗಳಿಂದ ಗೋವಾ, ಮಹಾರಾಷ್ಟ್ರದ ಕಡೆ ದುಡಿಯಲು ಹೋಗುವ ಕುಟುಂಬಗಳಿವೆ. ಜೊತೆಗೆ ಹೋದ ಮಕ್ಕಳ ಓದು ನಡುವೆಯೇ ನಿಲ್ಲುತ್ತದೆ. ಮನೆಯಲ್ಲೇ ಕಲಿಸುತ್ತೇವೆ ಎನ್ನುವ ಪಾಲಕರೂ ಅಲ್ಲೊಬ್ಬರು ಇಲ್ಲೊಬ್ಬರು ಇದ್ದಾರೆ. ಇಬ್ಬರ ಚಿಂತೆಯೂ ಒಂದೇ: ಮುಂದೆ ಪರೀಕ್ಷೆಗೆ ಏನು ಮಾಡುವುದು?

ತಪ್ಪು ಕಲ್ಪನೆ: ಮನೆಯಲ್ಲಿ ಕಲಿಯುವ ಮಗು ವರ್ಷವರ್ಷ ಸರ್ಕಾರಿ ಪರೀಕ್ಷೆ ಬರೆಯಬೇಕು.
ವಾಸ್ತವ: ಅಂಥ ನಿಯಮ ನಮ್ಮಲ್ಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ 30ನೇ ಕಲಂ ಪ್ರಕಾರ ಎಂಟನೇ ತರಗತಿ ಮುಗಿಯುವ ತನಕ ಯಾವ ಮಗುವೂ ಬೋರ್ಡ್ ಪರೀಕ್ಷೆ ಪಾಸಾಗಬೇಕಿಲ್ಲ. ರಾಜ್ಯ ಸರ್ಕಾರ 5, 8, 9ನೇ ತರಗತಿಗೆ ಬೋರ್ಡ್ ಪರೀಕ್ಷೆ ನಡೆಸಿದಾಗ, 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಫಲಿತಾಂಶಕ್ಕೇ ತಡೆ ಕೊಟ್ಟಿತು.

ತಪ್ಪು ಕಲ್ಪನೆ: ಶಾಲೆಗೆ ಕಳಿಸದಿದ್ದರೆ ತಂದೆ-ತಾಯಿಗೆ ಜೈಲು.
ವಾಸ್ತವ: 6ರಿಂದ 14 ವರ್ಷದ ಮಗುವನ್ನು ಶಾಲೆಗೆ ಸೇರಿಸುವುದು ಪಾಲಕರ ಕರ್ತವ್ಯ ಎಂದು ಈ ಕಾಯ್ದೆ ಹೇಳುತ್ತದೆ, ಪಾಲಕರಿಗೆ ಜೈಲು ವಿಧಿಸುವುದಿಲ್ಲ. ಸಿಆರ್‌ಪಿಯೋ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಮಾಸ್ತರರೋ ಮನೆಗೆ ಬಂದರೆ ಮಗುವನ್ನು ಬಚ್ಚಿಡಬೇಡಿ, ಅದು ಏನು ಓದುತ್ತಿದೆ ತೋರಿಸಿ.

ತಪ್ಪು ಕಲ್ಪನೆ: ಗುಳೆ ಹೋಗಿ ಬಂದ ಮಗುವಿಗೆ ಟಿ.ಸಿ. ಇಲ್ಲದೆ ಪ್ರವೇಶವಿಲ್ಲ, ಬಿಟ್ಟ ತರಗತಿಯಲ್ಲೇ ಕೂರಬೇಕು.
ವಾಸ್ತವ: ಎಷ್ಟೋ ಮಕ್ಕಳನ್ನು ಶಾಲೆಯ ಬಾಗಿಲಿನಿಂದಲೇ ಹಿಂದೆ ಕಳಿಸಿದ ಮಾತಿದು. ಕಾಯ್ದೆಯ 4ನೇ ಕಲಂ ಓದಿ: ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ತಪ್ಪಿಹೋದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಮೂರನೇ ತರಗತಿಗೆ ಓದು ಬಿಟ್ಟ 12 ವರ್ಷದ ಹುಡುಗಿ ಪುಟ್ಟ ಮಕ್ಕಳ ನಡುವೆ ನಾಚಿ ಕೂರಬೇಕಿಲ್ಲ. ಟಿ.ಸಿ. ಬಂದಿಲ್ಲ, ವಯಸ್ಸಿನ ದಾಖಲೆ ಇಲ್ಲ, ಜೂನ್ ದಾಟಿತು ಎಂದು ವಾಪಸ್ ಕಳಿಸುವಂತಿಲ್ಲ. 14 ದಾಟಿದರೂ ಎಂಟನೇ ತರಗತಿ ಮುಗಿಯುವವರೆಗೆ ಓದು ಉಚಿತ.

ತಪ್ಪು ಕಲ್ಪನೆ: ಪ್ರೌಢಶಾಲೆಗೆ ಹೋಗದವರಿಗೆ ಹತ್ತನೇ ಪರೀಕ್ಷೆ ಇಲ್ಲ.
ವಾಸ್ತವ: 15 ತುಂಬಿದವರು ಖಾಸಗಿ ಅಭ್ಯರ್ಥಿಯಾಗಿ ಎಸ್ಸೆಸ್ಸೆಲ್ಸಿ ಬರೆಯಬಹುದು. ನೋಂದಣಿ ಪರೀಕ್ಷೆಗೆ ಎಷ್ಟೋ ತಿಂಗಳು ಮೊದಲೇ ಮುಗಿಯುತ್ತದೆ, ಅದನ್ನು ತಪ್ಪಿಸಿಕೊಳ್ಳಬೇಡಿ. ಇನ್ನೊಂದು ದಾರಿ 1989ರಲ್ಲಿ ಶುರುವಾದ ಕೇಂದ್ರದ ಮುಕ್ತ ಶಾಲೆ ಎನ್‌ಐಒಎಸ್: 14 ವರ್ಷ ತುಂಬಿರಬೇಕು, ಐದು ವಿಷಯ, ವರ್ಷಕ್ಕೆ ಎರಡು ಪರೀಕ್ಷೆ, ಐದು ವರ್ಷದಲ್ಲಿ ಒಂಬತ್ತು ಅವಕಾಶ. ಪಾಸಾದ ವಿಷಯ ಮತ್ತೆ ಬರೆಯಬೇಕಿಲ್ಲ. ಊರೂರು ತಿರುಗಿ ದುಡಿಯುವ ಮನೆಯ ಮಕ್ಕಳಿಗೆ ಇದೇ ಹೆಚ್ಚು ಹೊಂದುತ್ತದೆ ಎಂದು ನನ್ನ ಅಭಿಪ್ರಾಯ.

ಓದದೆ ಪಾಸು ಮಾಡಿಸಿಕೊಡುತ್ತೇವೆ ಎನ್ನುವವರ ಕೈಗೆ ಮಾತ್ರ ದುಡ್ಡು ಕೊಡಬೇಡಿ. ಅವರು ಹೇಳುವ ಮಂಡಳಿಯ ಹೆಸರು ಬರೆದುಕೊಂಡು, ಮೊದಲು ಬಿಇಒ ಕಚೇರಿಯಲ್ಲಿ ವಿಚಾರಿಸಿ.