ಕುಂಡದ ಗಿಡಕ್ಕೆ ಉಸಿರು ಕಟ್ಟುವುದೇಕೆ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ ಸೀಮೆಯ ಜನಕ್ಕೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ವರ್ಷವಿಡೀ ಹರಿಯುವ ನದಿ ಇಲ್ಲಿ ಒಂದೂ ಇಲ್ಲ. ಕೊಳವೆ ಬಾವಿಗಳು ಎಷ್ಟೋ ಕಡೆ 1,000 ಅಡಿಗಳನ್ನೂ ಮೀರಿ ಇಳಿದಿವೆ. ಇಂಥ ನಾಡಿನ ಮನೆಯಂಗಳದಲ್ಲಿ ಕುಂಡದ ಗುಲಾಬಿ, ಸೇವಂತಿಗೆ, ತುಳಸಿಗಳು ನೀರು ಹೆಚ್ಚಾಗಿ ಸಾಯುತ್ತವೆಂದರೆ ವಿಚಿತ್ರವೆನಿಸಬಹುದು. ಆದರೂ ಅದು ನಿಜ.

ಈ ಸಾವಿನಲ್ಲಿ ಒಂದು ಮೋಸವೂ ಅಡಗಿದೆ. ಬೇರು ಕೊಳೆತ ಗಿಡಕ್ಕೆ ನೀರನ್ನು ಹೀರುವ ಶಕ್ತಿಯಿರುವುದಿಲ್ಲ. ಆದುದರಿಂದ ಒದ್ದೆ ಮಣ್ಣಿನಲ್ಲಿ ನಿಂತಿದ್ದರೂ ಅದರ ಎಲೆಗಳು ಬಾಯಾರಿದ ಗಿಡದ ಎಲೆಗಳಂತೆಯೇ ಜೋಲುತ್ತವೆ. ನೋಡಿದವರು ಮರುಕಗೊಂಡು ಇನ್ನೊಂದು ಚೊಂಬು ನೀರು ಸುರಿಯುತ್ತಾರೆ. ಮದ್ದೆಂದು ಕೊಟ್ಟುದೇ ವಿಷವಾಗುತ್ತದೆ.

ಬೇರೂ ಉಸಿರಾಡುತ್ತದೆ

ನೀರಿನಿಂದ ಬೇರಿಗೆ ಕೇಡು ಹೇಗೆ? ಕೇಡು ನೀರಿನಿಂದಲ್ಲ, ಗಾಳಿಯ ಅಭಾವದಿಂದ. ಬೇರಿನ ಜೀವಕೋಶಗಳು ಆಮ್ಲಜನಕವನ್ನು ಬಳಸಿ, ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತವೆ. ಮಣ್ಣಿನ ಕಣಗಳ ನಡುವಣ ಸಂದುಗಳೇ ಅವುಗಳ ಗಾಳಿಗಂಡಿಗಳು. ಆ ಸಂದುಗಳೆಲ್ಲವೂ ನೀರಿನಿಂದ ತುಂಬಿದರೆ ಏನಾಗುವುದೆಂಬುದನ್ನು ಭೌತವಿಜ್ಞಾನದ ಎರಡು ಸಂಖ್ಯೆಗಳು ತಿಳಿಸುತ್ತವೆ. ಒಂದು ಲೀಟರು ಗಾಳಿಯಲ್ಲಿ ಸುಮಾರು 250 ಮಿಲಿಗ್ರಾಂ ಆಮ್ಲಜನಕವಿದ್ದರೆ, 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಒಂದು ಲೀಟರು ನೀರಿನಲ್ಲಿ ಕರಗಿರುವುದು ಸುಮಾರು 7 ಮಿಲಿಗ್ರಾಂ ಮಾತ್ರ. ಅಲ್ಲದೆ ನೀರಿನಲ್ಲಿ ಆಮ್ಲಜನಕದ ವಿಸರಣ ಗಾಳಿಯಲ್ಲಿ ನಡೆಯುವುದಕ್ಕಿಂತ ಸುಮಾರು 10,000 ಪಾಲು ನಿಧಾನ. ಬೇರು ಇರುವಷ್ಟನ್ನು ಬೇಗನೆ ಮುಗಿಸಿಬಿಡುತ್ತದೆ. ಮೇಲಿನಿಂದ ಹೊಸತು ಬಂದು ಸೇರುವುದಿಲ್ಲ. ಬೇಸಗೆಯಲ್ಲಿ ಕಷ್ಟ ಇಮ್ಮಡಿಯಾಗುತ್ತದೆ: ನೀರು ಬಿಸಿಯಾದಷ್ಟೂ ಅದರಲ್ಲಿ ಕರಗುವ ಆಮ್ಲಜನಕ ಕಡಮೆ, ಬೇರಿನ ಅಗತ್ಯವಾದರೋ ಹೆಚ್ಚು.

ಹಾಗಾದರೆ ಭತ್ತ ಕೆಸರಿನಲ್ಲಿ ಬದುಕುವುದು ಹೇಗೆಂದು ಕೇಳಬಹುದು. ಭತ್ತದ ದಂಟಿನಲ್ಲಿಯೂ ಬೇರಿನಲ್ಲಿಯೂ ಗಾಳಿಯ ನಾಳಗಳಿದ್ದು, ಅವು ಮೇಲಿನಿಂದ ಬೇರಿಗೆ ಆಮ್ಲಜನಕವನ್ನು ಇಳಿಸುತ್ತವೆ. ಗುಲಾಬಿಗೆ ಅಂಥ ಏರ್ಪಾಡಿಲ್ಲ.

ತಳದಲ್ಲಿ ನೀರೇಕೆ ನಿಲ್ಲುತ್ತದೆ?

ಕುಂಡದ ತಳದಲ್ಲಿ ತೂತಿದೆಯಲ್ಲ, ನೀರು ಹರಿದುಹೋಗದೆ? ಇಲ್ಲಿ ಕೇಶಾಕರ್ಷಣದ ಆಟವನ್ನು ಕಾಣುತ್ತೇವೆ. 1 ಮಿಲಿಮೀಟರ್ ವ್ಯಾಸದ ಗಾಜಿನ ಕೊಳವೆಯಲ್ಲಿ ನೀರು ತಾನಾಗಿ ಸುಮಾರು 3 ಸೆಂಟಿಮೀಟರ್ ಏರುತ್ತದೆ, 0.1 ಮಿಲಿಮೀಟರಿನದರಲ್ಲಿ ಸುಮಾರು 30 ಸೆಂಟಿಮೀಟರ್. ಮಣ್ಣಿನ ಸಂದುಗಳೂ ಅಂಥ ಕೊಳವೆಗಳೇ. ಕಣ ಸಣ್ಣದಾದಷ್ಟೂ ಹಿಡಿತ ಬಿಗಿ. ಹೀಗಾಗಿ ತೂತಿನಿಂದ ತೊಟ್ಟಿಕ್ಕುವುದು ನಿಂತ ಮೇಲೆಯೂ ತಳದಲ್ಲಿ ಒಂದು ಪದರ ಪೂರ್ತಿ ನೆನೆದೇ ಉಳಿಯುತ್ತದೆ. ಶಿಡ್ಲಘಟ್ಟದ ಹಿಪ್ಪುನೇರಳೆ ತೋಟದಲ್ಲಿ ಕೆಳಗೆ ಇನ್ನೂ ಮಣ್ಣಿರುವುದರಿಂದ ನೀರು ಆಳಕ್ಕೆ ಇಳಿಯುತ್ತದೆ. ಕುಂಡದಲ್ಲಿ ಆ ದಾರಿ ತಳದಲ್ಲಿಯೇ ಕಡಿದುಹೋಗಿದೆ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪಾತ್ರೆ ತೊಳೆಯುವ ಚಪ್ಪಟೆ ಸ್ಪಂಜನ್ನು ನೀರಿನಲ್ಲಿ ಅದ್ದಿ, ಅಡ್ಡಲಾಗಿ ಹಿಡಿದುಕೊಂಡು ತೊಟ್ಟಿಕ್ಕುವುದು ನಿಲ್ಲುವವರೆಗೆ ಕಾಯಿರಿ. ಬಳಿಕ ಹಿಂಡದೆ, ಉದ್ದಕ್ಕೆ ನಿಲ್ಲಿಸಿ ಹಿಡಿಯಿರಿ. ಮತ್ತೆ ನೀರು ಸುರಿಯುತ್ತದೆ! ಸ್ಪಂಜು ಅದೇ, ರಂಧ್ರಗಳೂ ಅವೇ. ಬದಲಾದುದು ಎತ್ತರ ಮಾತ್ರ. ನೆನೆದ ಪದರದ ದಪ್ಪವನ್ನು ನಿರ್ಧರಿಸುವುದು ರಂಧ್ರಗಳೇ ಹೊರತು ಪಾತ್ರೆಯ ಎತ್ತರವಲ್ಲ. ಆದುದರಿಂದಲೇ ಗಿಡ್ಡ ಕುಂಡದಲ್ಲಿ ಬೇರಿಗೆ ಒಣ ಜಾಗ ಕಡಮೆ.

ತಳದಲ್ಲಿ ಜಲ್ಲಿ ಹಾಕಿದರೆ ನೀರು ಬಸಿಯುತ್ತದೆಂಬ ನಂಬಿಕೆ ಎಲ್ಲೆಡೆ ಇದೆ. ಆದರೆ ಸಣ್ಣ ಸಂದಿನ ಬಿಗಿ ಹಿಡಿತವನ್ನು ಬಿಟ್ಟು ನೀರು ಜಲ್ಲಿಯ ದೊಡ್ಡ ಸಂದುಗಳಿಗೆ ಸುಲಭವಾಗಿ ಇಳಿಯದು. ನೆನೆದ ಪದರವು ಜಲ್ಲಿಯ ಮೇಲೆ ನಿಂತು, ಬೇರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಮಣ್ಣು ಸೋರದಂತೆ ತೂತಿನ ಮೇಲೆ ಒಂದು ಹೆಂಚಿನ ಚೂರು ಸಾಕು.

ಕೊಳೆಯಿಸುವ ಜೀವಿಗಳು

ಉಸಿರು ಕಟ್ಟಿ ಬಲಗುಂದಿದ ಬೇರಿನ ಮೇಲೆ ಪಿಥಿಯಮ್, ಫೈಟಾಫ್ತೊರ ಮೊದಲಾದ, ಶಿಲೀಂಧ್ರವನ್ನು ಹೋಲುವ ಸೂಕ್ಷ್ಮಜೀವಿಗಳು ದಾಳಿಯಿಡುತ್ತವೆ. ಇವುಗಳ ಬೀಜಕಣಗಳು ನೀರಿನಲ್ಲಿ ಈಜಬಲ್ಲವು. ನೆನೆದ ಮಣ್ಣು ಅವಕ್ಕೆ ರಾಜಮಾರ್ಗ. ಮಲೆನಾಡಿನ ಅಡಕೆಯ ಕೊಳೆರೋಗಕ್ಕೂ ಫೈಟಾಫ್ತೊರವೇ ಕಾರಣ. ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರಲ್ಲಿ ಆ ರೋಗದ ಅಧ್ಯಯನವನ್ನು ಪ್ರಕಟಿಸಿದರು. ಅಲ್ಲಿ ಎಡೆಬಿಡದ ಮಳೆ ಮಾಡುವ ಕೆಲಸವನ್ನು ಇಲ್ಲಿ ನಮ್ಮ ಚೊಂಬೇ ಮಾಡುತ್ತದೆ.

ಮಾಡಬೇಕಾದುದೇನು?

ಕೆರೆಗೋಡು ಹೊಲಕ್ಕೆ ವರ. ಆದರೆ ಅದರ ಕಣಗಳು ಬಹು ಸಣ್ಣವಾದುದರಿಂದ ಕುಂಡಕ್ಕೆ ಅದೊಂದೇ ಸಲ್ಲದು. ಕೆಮ್ಮಣ್ಣಿಗೆ ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನು ಧಾರಾಳವಾಗಿ ಬೆರೆಸಿ, ಹುಡಿಹುಡಿಯಾಗಿ ತುಂಬಬೇಕು. ಮಣ್ಣಿನ ಕುಂಡದ ಗೋಡೆಯಿಂದ, ಹೂಜಿಯಲ್ಲಿ ಆಗುವಂತೆ, ನೀರು ಆವಿಯಾಗುತ್ತಿರುತ್ತದೆ. ಪ್ಲಾಸ್ಟಿಕ್ ಕುಂಡದಲ್ಲಿ ಹಾಗಾಗದು, ಆದುದರಿಂದ ಅದಕ್ಕೆ ಕಡಮೆ ಸಲ ನೀರು ಸಾಕು.

ಗಡಿಯಾರ ನೋಡಿ ನೀರು ಹಾಕಬಾರದು. ಎರಡು ಅಂಗುಲ ಆಳಕ್ಕೆ ಬೆರಳಿಟ್ಟು ನೋಡಿ, ತಂಪು ತಾಗಿದರೆ ಸುಮ್ಮನಿರಬೇಕು. ಸಣ್ಣ ಕುಂಡವಾದರೆ ಎತ್ತಿ ನೋಡುವುದೂ ಒಳ್ಳೆಯ ಪರೀಕ್ಷೆ. ಒಣಗಿದ ಕುಂಡ ಹಗುರ. ಹಾಕುವಾಗ ತೂತಿನಿಂದ ಹೊರಬರುವಷ್ಟು ಹಾಕಿ, ಕೆಳಗಿನ ತಟ್ಟೆಯ ನೀರನ್ನು ಚೆಲ್ಲಬೇಕು.

ಒದ್ದೆ ಮಣ್ಣಿನಲ್ಲಿ ಗಿಡ ಬಾಡಿದ್ದರೆ ಅದನ್ನು ಮೆಲ್ಲಗೆ ಕಿತ್ತು ನೋಡಿರಿ. ಆರೋಗ್ಯದ ಬೇರು ಸಾಮಾನ್ಯವಾಗಿ ಬಿಳುಪು, ಗಟ್ಟಿ. ಕೊಳೆತದ್ದು ಕಂದು, ಲೋಳೆ, ದುರ್ವಾಸನೆಯದು. ಕೊಳೆತುದನ್ನು ಶುಭ್ರವಾದ ಕತ್ತರಿಯಿಂದ ತೆಗೆದು, ಹೊಸ ಮಣ್ಣಿನಲ್ಲಿ ನೆಟ್ಟು, ಕೆಲವು ದಿನ ನೆರಳಿನಲ್ಲಿಡಬೇಕು. ಅರ್ಧ ಬೇರಾದರೂ ಉಳಿದಿದ್ದರೆ ಗಿಡ ಚೇತರಿಸಿಕೊಳ್ಳುವ ಸಂಭವವುಂಟು.

ಸಸ್ಯಕ್ಕೆ ನೀರೆಷ್ಟು ಮುಖ್ಯವೋ ಗಾಳಿಯೂ ಅಷ್ಟೇ ಮುಖ್ಯ. ಎರಡಕ್ಕೂ ಮಣ್ಣಿನಲ್ಲಿರುವ ಜಾಗ ಒಂದೇ. ಈ ಮಾತನ್ನು ನೆನಪಿಟ್ಟರೆ ಗಿಡವೂ ಉಳಿದೀತು, ನಮ್ಮ ಸೀಮೆಯಲ್ಲಿ ದುರ್ಲಭವಾದ ನೀರೂ ಉಳಿದೀತು.