ಗಳಗನಾಥರನ್ನು ಇಂಗ್ಲಿಷ್ ಅಕ್ಷರದಲ್ಲಿ ಹುಡುಕೋದು ಹೇಗೆ?

ಇವತ್ತು ಒಂದೇ ಒಂದು ಹೆಸರಿನ ಬಗ್ಗೆ ಮಾತಾಡೋಣ. ಫೋನಿನ ಇಂಗ್ಲಿಷ್ ಕೀಬೋರ್ಡ್‌ನಲ್ಲಿ ‘ಗಳಗನಾಥ’ ಅಂತ ಟೈಪ್ ಮಾಡಿ ನೋಡ್ರಿ. ಕೊನೆಗೆ ‘ಎ’ ಹಾಕಿದ್ರಾ, ಬಿಟ್ರಾ? ‘ನಾ’ಕ್ಕೆ ಒಂದು ‘ಎ’ನಾ, ಎರಡಾ? ವಾಟ್ಸಾಪ್‌ನಲ್ಲಿ ಹೇಗೆ ಬರೆದರೂ ನಡೀತದೆ. ಆದರೆ ಲೈಬ್ರರಿ ಕ್ಯಾಟಲಾಗ್‌ನಲ್ಲಿ ಒಂದು ಅಕ್ಷರ ತಪ್ಪಿದರೆ ಪುಸ್ತಕ ಕಪಾಟಿನಲ್ಲಿದ್ದೂ ಇಲ್ಲದಂತೆ.

ಗಳಗನಾಥ ಅಂದ್ರೆ ಹಾವೇರಿ ತಾಲ್ಲೂಕಿನಲ್ಲಿ ವರದಾ ತುಂಗಭದ್ರೆಯನ್ನು ಸೇರುವ ಊರು. ಹಾವನೂರಿನ ವೆಂಕಟೇಶ ತಿರಕೋ ಕುಲಕರ್ಣಿ (1869–1942) ಇದೇ ಹೆಸರನ್ನು ಕಾವ್ಯನಾಮ ಮಾಡಿಕೊಂಡರು. ‘ಮಾಧವ ಕರುಣಾವಿಲಾಸ’, ‘ಕುಮುದಿನಿ’ ಬರೆದವರು, ‘ಸದ್ಬೋಧ ಚಂದ್ರಿಕೆ’ ಪತ್ರಿಕೆ ನಡೆಸಿದವರು, ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರು. ಪಟ್ಟದಕಲ್ಲಿನಲ್ಲೂ ಗಳಗನಾಥ ಎಂಬ ಗುಡಿ ಇದೆ. ಅಂದ್ರೆ ಒಂದೇ ಹೆಸರಿನಲ್ಲಿ ಊರು, ಗುಡಿ, ಲೇಖಕ. ಆ ಲೇಖಕರಿಗೆ ಮತ್ತೆ ಎರಡು ಹೆಸರು!

ಇದಕ್ಕೆ ಲೈಬ್ರರಿಗಳು ಏನು ಮಾಡ್ತಾವೆ? ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಬಳಸುವ ಕನ್ನಡದ ಕೋಷ್ಟಕವೊಂದಿದೆ. ಅದರಲ್ಲಿ ‘ಳ’ ಅಂದ್ರೆ ಕೆಳಗೆ ಚುಕ್ಕೆ ಇಟ್ಟ ‘ಎಲ್’. ‘ನಾ’ದ ದೀರ್ಘಕ್ಕೆ ತಲೆ ಮೇಲೆ ಗೆರೆ ಎಳೆದ ‘ಎ’. ‘ಥ’ಕ್ಕೆ ‘ಟಿ’ ಜೊತೆ ‘ಎಚ್’, ‘ತ’ಕ್ಕೆ ಬರೀ ‘ಟಿ’. ಆದರೆ ನಮ್ಮ ಕಡೆ ಗೀತಾ, ಲತಾ ಅಂತ ಬರೆಯುವಾಗ ‘ತ’ಕ್ಕೂ ‘ಎಚ್’ ಸೇರಿಸ್ತೀವಿ. ಕೋಷ್ಟಕದ ಸ್ಪೆಲ್ಲಿಂಗ್ ಬೇರೆ, ಜನರ ಸ್ಪೆಲ್ಲಿಂಗ್ ಬೇರೆ.

ಹೀಬ್ರೂ ಹೆಸರುಗಳಲ್ಲಿ ತೊಡಕು ಇನ್ನೂ ಹೆಚ್ಚು. ಕನ್ನಡದಲ್ಲಿ ಸ್ವರ ಕಣ್ಣಿಗೆ ಕಾಣುತ್ತೆ. ಹೀಬ್ರೂವಿನಲ್ಲಿ ಸಾಮಾನ್ಯವಾಗಿ ಸ್ವರಚಿಹ್ನೆ ಬರೆಯೋದಿಲ್ಲ. ಅದೇ ಮೂರು ಅಕ್ಷರವನ್ನು ‘ದಾವೀದ್’ ಅಂತ ಓದಿದರೆ ಒಬ್ಬರ ಹೆಸರು, ‘ದೋದ್’ ಅಂತ ಓದಿದರೆ ಚಿಕ್ಕಪ್ಪ! ಹೆಸರು ಮೊದಲೇ ಗೊತ್ತಿಲ್ಲದವರು ಅದನ್ನು ಇಂಗ್ಲಿಷ್ ಅಕ್ಷರಕ್ಕೆ ತರೋದು ಕಷ್ಟ. ಇಸ್ರೇಲಿನ ಕಾದಂಬರಿಕಾರ ಅಮೋಸ್ ಓಜ್ ಹೆಸರಿಗೆ ಕೋಷ್ಟಕದ ಪ್ರಕಾರ ಎರಡೂ ಪದಗಳ ಮುಂದೆ ಒಂದು ಚಿಹ್ನೆ ಬರಬೇಕು. ಇಂಗ್ಲಿಷ್ ಅನುವಾದಗಳ ಮುಖಪುಟದಲ್ಲಿ ಆ ಚಿಹ್ನೆ ಇರೋದಿಲ್ಲ. ಓದುಗರು ಹುಡುಕೋದು ಮುಖಪುಟದ ಹೆಸರನ್ನೇ.

ಹಾಗಾದರೆ ಸರಿ ಸ್ಪೆಲ್ಲಿಂಗ್ ಯಾವುದು? ಬಿಕಾಂ ಓದಿದ ನನಗೆ ಇದು ಲೆಡ್ಜರ್ ಲೆಕ್ಕದಂತೆ ಕಾಣುತ್ತೆ. ಒಬ್ಬನೇ ಗಿರಾಕಿಗೆ ಎರಡು ಹೆಸರಲ್ಲಿ ಖಾತೆ ತೆರೆದರೆ, ಒಟ್ಟು ಬಾಕಿ ಎಷ್ಟು ಅಂತ ಯಾವ ಖಾತೆಯೂ ಹೇಳೋದಿಲ್ಲ. ಅದಕ್ಕೇ ಲೈಬ್ರರಿಗಳು ‘ಅಥಾರಿಟಿ ರೆಕಾರ್ಡ್’ ಇಡ್ತಾವೆ: ಒಬ್ಬ ಲೇಖಕರಿಗೆ ಒಂದೇ ಖಾತೆ. ಒಂದು ಹೆಸರು ಮುಖ್ಯ, ಉಳಿದ ಹೆಸರು, ಸ್ಪೆಲ್ಲಿಂಗ್ ಎಲ್ಲಾ ಅದಕ್ಕೆ ಜೋಡಣೆ. ಹೆಸರಿನ ಪಕ್ಕ ಹುಟ್ಟಿದ, ತೀರಿದ ವರ್ಷ ಹಾಕಿದರೆ ಅದೇ ಹೆಸರಿನ ಇನ್ನೊಬ್ಬರ ಜೊತೆ ಬೆರೆಯೋದಿಲ್ಲ. ‘ವಿಯಾಫ್’ ಎಂಬ ಜಾಲತಾಣ ಹಲವು ದೇಶಗಳ ಇಂಥ ಖಾತೆಗಳನ್ನು ಒಂದೆಡೆ ಸೇರಿಸುತ್ತೆ. ಗ್ರಂಥಾಲಯಗಳು ಬಳಸುವ ‘ಮಾರ್ಕ್’ ಮಾದರಿಯಲ್ಲಿ ಮೂಲ ಲಿಪಿಗೂ ಜಾಗ ಇದೆ. ಅದರ ಸಂಖ್ಯೆ 880. ಅಲ್ಲಿ ಕನ್ನಡದಲ್ಲೇ ‘ಗಳಗನಾಥ’ ಅಂತ ತುಂಬಬಹುದು. ಯಾರಾದರೂ ತುಂಬಬೇಕು, ಅಷ್ಟೇ.

ಹಳೆ ಕನ್ನಡ ಪುಸ್ತಕ ಹುಡುಕುವಾಗ ಮೊದಲು ಕನ್ನಡ ಲಿಪಿಯಲ್ಲಿ ನೋಡ್ರಿ. ಸಿಗದಿದ್ದರೆ ಇಂಗ್ಲಿಷ್‌ನಲ್ಲಿ ಕೊನೆಯ ‘ಎ’ ಸೇರಿಸಿ, ಬಿಟ್ಟು ನೋಡ್ರಿ. ಆಮೇಲೆ ಲೇಖಕರ ನಿಜ ಹೆಸರು ಹಾಕ್ರಿ. ಹಳೆ ಪುಸ್ತಕ ಸ್ಕ್ಯಾನ್ ಮಾಡಿ ಏರಿಸುವವರು ನೀವಾಗಿದ್ದರೆ ಕಾವ್ಯನಾಮ, ನಿಜ ಹೆಸರು ಎರಡನ್ನೂ ಎರಡೂ ಲಿಪಿಯಲ್ಲಿ ಬರೀರಿ. ಎರಡು ನಿಮಿಷದ ಕೆಲಸ. ಪುಸ್ತಕ ಹೊತ್ತು ಓದುಗರ ಮನೆ ಬಾಗಿಲಿಗೆ ಹೋದವರನ್ನು ಇವತ್ತಿನ ಓದುಗರ ಫೋನಿಗೆ ತಲುಪಿಸೋಕೆ ಇಷ್ಟು ಸಾಕು.