ಕೆಂಪಕ್ಷರದ ಹಲಗೆ

ರಸ್ತೆಯಲ್ಲಿ ನಿಧಾನವಾಗಿ ಸಾಗುವ ಕೆಲವು ವಾಹನಗಳ ಮುಂದೆಯೂ ಹಿಂದೆಯೂ ಬಿಳಿಯ ಹಲಗೆಯ ಮೇಲೆ ಕೆಂಪು ಬಣ್ಣದ 'ಎಲ್' ಅಕ್ಷರ ಕಾಣುತ್ತದೆ. ವಾಹನ ನಡೆಸುತ್ತಿರುವವರು ಇನ್ನೂ ಕಲಿಯುತ್ತಿದ್ದಾರೆ, ಅವರಿಂದ ತಪ್ಪಾಗುವ ಸಂಭವವುಂಟು, ಉಳಿದವರು ಅಂತರವಿಟ್ಟು ಸಾಗಬೇಕು ಎಂಬುದೇ ಅದರ ಅರ್ಥ. ಆ ಹಲಗೆಯ ಅಳತೆಯನ್ನೂ ನಿಯಮವೇ ಗೊತ್ತುಪಡಿಸಿದೆ. ಚೌಕದ ಬದಿ 18 ಸೆಂಟಿಮೀಟರಿಗೆ, ಅಕ್ಷರದ ಎತ್ತರ 10 ಸೆಂಟಿಮೀಟರಿಗೆ ಕಡಿಮೆಯಿರಬಾರದು. ಇಷ್ಟು ಸಣ್ಣ ಸಂಗತಿಗೆ ಇಷ್ಟೊಂದು ಕಟ್ಟುನಿಟ್ಟೇಕೆ ಎನ್ನಿಸಬಹುದು. ಹಿಂದಿನಿಂದ ಬರುವ ಲಾರಿಯ ಚಾಲಕನಿಗೆ ದೂರದಿಂದಲೇ ಕಾಣದಿದ್ದರೆ ಹಲಗೆ ಇದ್ದೂ ಇಲ್ಲದಂತೆಯೇ.

ಭಾರತದಲ್ಲಿ ಮೋಟಾರು ವಾಹನಗಳ ಕಾಯಿದೆಯು ಮೊದಲು ಬಂದದ್ದು 1914ರಲ್ಲಿ. ಬಳಿಕ 1939ರಲ್ಲಿ ಇನ್ನೊಂದು ಬಂದಿತು. ಈಗ ಜಾರಿಯಲ್ಲಿರುವುದು 1988ರ ಕಾಯಿದೆ. ಅದರಂತೆ 18 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಮೋಟಾರು ವಾಹನವನ್ನು ನಡೆಸುವಂತಿಲ್ಲ. ಇದಕ್ಕೆ ವಿನಾಯಿತಿ ಒಂದೇ: 16 ವರ್ಷ ತುಂಬಿದವರು, ಎಂಜಿನ್ನಿನ ಸಾಮರ್ಥ್ಯ 50 ಸಿ.ಸಿ. ಮೀರದ ದ್ವಿಚಕ್ರ ವಾಹನವನ್ನು ಪರವಾನಗಿ ಪಡೆದು ನಡೆಸಬಹುದು. ಅದಕ್ಕೂ ತಂದೆತಾಯಿಗಳ ಅಥವಾ ಪೋಷಕರ ಲಿಖಿತ ಒಪ್ಪಿಗೆ ಬೇಕು. 1972ರಲ್ಲಿ ಬಂದ ಲೂನಾ, 1980ರಲ್ಲಿ ಹೊಸೂರಿನಿಂದ ಬಂದ ಟಿ.ವಿ.ಎಸ್. 50 ಇಂತಹ ಹಗುರ ವಾಹನಗಳಾಗಿದ್ದವು. ಇಂದು ಮನೆಮನೆಗಳಲ್ಲಿ ನಿಂತಿರುವ ಪೆಟ್ರೋಲ್ ಸ್ಕೂಟರುಗಳು ಬಹುಮಟ್ಟಿಗೆ 100 ಸಿ.ಸಿ.ಗೆ ಮೇಲ್ಪಟ್ಟವು. ಹದಿನಾರು ತುಂಬಿದವರ ಪರವಾನಗಿಯು ಅವುಗಳಿಗೆ ಸಲ್ಲದು. ಈ ಅಂಶವನ್ನು ಅರಿಯದೆ ಮಕ್ಕಳ ಕೈಗೆ ಕೀಲಿ ಕೊಡುವ ಹಿರಿಯರು ಅನೇಕರಿದ್ದಾರೆ.

ಬಸ್ಸು ಹೊತ್ತಿಗೆ ಸರಿಯಾಗಿ ಬಾರದ ಊರುಗಳಲ್ಲಿ, ಶಾಲೆಯು ಐದಾರು ಕಿಲೋಮೀಟರು ದೂರವಿದ್ದಾಗ, ಈ ಆಸೆ ಸಹಜವೇ. ಆದರೆ ಅದಕ್ಕೆ ತೆರಬೇಕಾಗುವ ಬೆಲೆ ದೊಡ್ಡದು. 2019ರ ತಿದ್ದುಪಡಿಯಂತೆ, ಅಪ್ರಾಪ್ತರು ವಾಹನ ನಡೆಸಿ ಅಪರಾಧವೆಸಗಿದರೆ ಪೋಷಕರು ಇಲ್ಲವೆ ವಾಹನದ ಮಾಲೀಕರೇ ತಪ್ಪಿತಸ್ಥರೆನಿಸುತ್ತಾರೆ. ಮೂರು ವರ್ಷಗಳವರೆಗೆ ಸೆರೆವಾಸ ಮತ್ತು 25,000 ರೂಪಾಯಿ ದಂಡ ಬೀಳಬಹುದು. ತಮಗೆ ತಿಳಿಯದೆ ನಡೆಯಿತೆಂದಾಗಲಿ, ತಡೆಯಲು ತಕ್ಕ ಎಚ್ಚರ ವಹಿಸಿದ್ದೆವೆಂದಾಗಲಿ ಅವರೇ ಸಿದ್ಧಪಡಿಸಿ ತೋರಿಸಬೇಕು. ವಾಹನದ ನೋಂದಣಿ ಒಂದು ವರ್ಷ ರದ್ದಾಗುತ್ತದೆ. ಆ ಹುಡುಗ ಅಥವಾ ಹುಡುಗಿಗೆ 25 ವರ್ಷ ತುಂಬುವವರೆಗೆ ಪರವಾನಗಿ ದೊರೆಯುವುದಿಲ್ಲ. ಅಪಘಾತದಲ್ಲಿ ಯಾರಿಗಾದರೂ ಹಾನಿಯಾದರೆ, ವಿಮಾ ಕಂಪನಿಯು ಕೊಟ್ಟ ಪರಿಹಾರವನ್ನು ಮಾಲೀಕರಿಂದಲೇ ವಸೂಲು ಮಾಡುವ ಪ್ರಸಂಗವೂ ಒದಗಬಹುದು. ಒಂದು ಸಂಜೆಯ ಸವಾರಿಗಾಗಿ ಮನೆಯವರು ಹೊಲವನ್ನೇ ಮಾರಬೇಕಾದೀತು.

ಹದಿನೆಂಟರವರೆಗೆ ಕಾಯಿಸುವುದು ಕೇವಲ ಹಟವಲ್ಲ. ಗಂಟೆಗೆ 36 ಕಿಲೋಮೀಟರು ವೇಗದಲ್ಲಿರುವ ವಾಹನವು ಒಂದು ಸೆಕೆಂಡಿನಲ್ಲಿ 10 ಮೀಟರು ಮುಂದೆ ಸಾಗಿರುತ್ತದೆ. ಅಡ್ಡ ಬಂದ ಎಮ್ಮೆಯನ್ನು ಕಂಡು ಬ್ರೇಕಿನ ಮೇಲೆ ಕೈಯಿಡುವಷ್ಟರಲ್ಲಿ ಅಷ್ಟು ದೂರ ಕಳೆದುಹೋಗಬಹುದು. ನಿಲ್ಲುವ ಮಾತು ಆಮೇಲಿನದು. ವಿಜ್ಞಾನದ ಪಾಠದಲ್ಲಿ ಬರುವ ಚಲನಶಕ್ತಿಯ ಸೂತ್ರವನ್ನು ಇಲ್ಲಿ ನೆನೆಯಬೇಕು. ವೇಗ ಎರಡರಷ್ಟಾದರೆ ಚಲನಶಕ್ತಿ ನಾಲ್ಕರಷ್ಟಾಗುತ್ತದೆ. ಬ್ರೇಕು ಹಿಡಿದ ಮೇಲೆ ನಿಲ್ಲಲು ಬೇಕಾಗುವ ದೂರವೂ ಸುಮಾರು ನಾಲ್ಕು ಪಟ್ಟಾಗುತ್ತದೆ. ಕೈಕಾಲುಗಳು ಹದಿನಾಲ್ಕನೆಯ ವಯಸ್ಸಿಗೇ ವಾಹನಕ್ಕೆ ಎಟುಕಬಹುದು. ಮುಂದಾಲೋಚನೆ, ಸಂಯಮಗಳಿಗೆ ನೆಲೆಯಾದ ಮಿದುಳಿನ ಮುಂಭಾಗವಾದರೋ ಇಪ್ಪತ್ತು ದಾಟಿದ ಮೇಲೂ ಬೆಳೆಯುತ್ತಿರುತ್ತದೆ.

ವಯಸ್ಸು ತುಂಬಿದವರು ಮೊದಲು ಪಡೆಯಬೇಕಾದುದು ಕಲಿಕಾ ಪರವಾನಗಿ. ಕರ್ನಾಟಕದಲ್ಲಿ ಜನರ ಬಾಯಲ್ಲಿ ಇದು 'ಎಲ್.ಎಲ್.ಆರ್.' ಎಂದೇ ರೂಢಿಯಾಗಿದೆ. ಅರ್ಜಿ ಸಲ್ಲಿಸುವ ಸರ್ಕಾರಿ ಜಾಲತಾಣಕ್ಕೆ 'ಸಾರಥಿ' ಎಂದು ಹೆಸರು. ಕುರುಕ್ಷೇತ್ರದಲ್ಲಿ ರಥದ ಕಡಿವಾಣವನ್ನು ಕೃಷ್ಣನೇ ಹಿಡಿದನೆಂಬುದನ್ನು ನೆನೆದರೆ, ಹೆಸರು ಅಲ್ಪವಾದುದಲ್ಲ. ವಯಸ್ಸು ಮತ್ತು ವಿಳಾಸದ ದಾಖಲೆಗಳೊಡನೆ ದೇಹಸ್ಥಿತಿಯ ಬಗ್ಗೆ ಘೋಷಣೆಯನ್ನೂ ಕೊಡಬೇಕು. ಅನಂತರ ಸಂಚಾರ ನಿಯಮಗಳ ಪರೀಕ್ಷೆ; ನೂರಕ್ಕೆ ಅರವತ್ತರಷ್ಟಾದರೂ ಉತ್ತರಗಳು ಸರಿಯಿರಬೇಕು. ಪ್ರಶ್ನೆಗಳಲ್ಲಿ ರಸ್ತೆಯ ಚಿಹ್ನೆಗಳಿಗೆ ಮುಖ್ಯ ಸ್ಥಾನವಿದೆ. ವೃತ್ತದೊಳಗಿನದು ಆಜ್ಞೆ, ತ್ರಿಕೋನದೊಳಗಿನದು ಎಚ್ಚರಿಕೆ, ನೀಲಿಯ ಆಯತದೊಳಗಿನದು ಮಾಹಿತಿ. 'ನಿಲ್ಲು' ಎಂಬುದಕ್ಕೆ ಮಾತ್ರ ಎಂಟು ಮೂಲೆಗಳ ಫಲಕ. ಧೂಳು ಕವಿದು ಬರಹ ಮಾಸಿದ್ದರೂ ಆ ಆಕಾರವೇ ಆಜ್ಞೆಯನ್ನು ಸಾರುತ್ತದೆ.

ಕಲಿಕಾ ಪರವಾನಗಿಯ ಅವಧಿ ಆರು ತಿಂಗಳು. ಅದು ಕಲಿಯಲು ಅನುಮತಿಯೇ ಹೊರತು ಒಂಟಿಯಾಗಿ ತಿರುಗಾಡಲು ಅಲ್ಲ. ಪರವಾನಗಿಯುಳ್ಳ ಶಿಕ್ಷಕರೊಬ್ಬರು, ಅಗತ್ಯ ಬಿದ್ದಾಗ ವಾಹನವನ್ನು ನಿಲ್ಲಿಸಲು ಸಾಧ್ಯವಾಗುವಂತೆ ಕುಳಿತಿರಬೇಕು. ದ್ವಿಚಕ್ರ ವಾಹನದ ಹಿಂಬದಿಯಲ್ಲಿ ಕಲಿಸುವವರ ಹೊರತು ಬೇರೆ ಯಾರೂ ಕೂರುವಂತಿಲ್ಲ. ಗೆಳೆಯರಿಗೆ ಅಲ್ಲಿ ಎಡೆಯಿಲ್ಲ.

ಪರವಾನಗಿ ದೊರೆತು 30 ದಿನಗಳು ಕಳೆದ ಮೇಲೆ ಚಾಲನೆಯ ಪರೀಕ್ಷೆಗೆ ಹೋಗಬಹುದು. ದ್ವಿಚಕ್ರ ವಾಹನದವರು ಸಾಮಾನ್ಯವಾಗಿ ಎಂಟರ ಆಕಾರದ ಜಾಡಿನಲ್ಲಿ ಕಾಲು ನೆಲಕ್ಕೂರದೆ ಸುತ್ತಿ ಬರಬೇಕು. ವೇಗವಾಗಿ ಓಡಿಸಬಲ್ಲವರೂ ಈ ಸುತ್ತಿನಲ್ಲಿ ತಡವರಿಸುವುದುಂಟು, ಏಕೆಂದರೆ ನಿಧಾನವಾಗಿ ಸಾಗುವಾಗಲೇ ತೋಲನ ಕಾಯ್ದುಕೊಳ್ಳುವುದು ಕಷ್ಟ. ಮೂರು ಬಾರಿ ತೇರ್ಗಡೆಯಾಗದವರು ಮತ್ತೆ ಪರೀಕ್ಷೆಗೆ ನಿಲ್ಲಲು 60 ದಿನ ಕಾಯಬೇಕು.